ಕ್ಲಾಸಲ್ಲಿರೋದು ಒಂದೇ ಫೋನು, ಅದೂ ಟೀಚರದ್ದು: ಯಾವ ಆ್ಯಪ್ ಹಾಕ್ಕೋಬೇಕು?

ಓದುಗರ ಪ್ರಶ್ನೆ:

ನಾನು ಮುಂಬೈನ ವಡಾಲಾ ಕಡೆ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್, ವಯಸ್ಸು 49. 5 ಮತ್ತು 6ನೇ ಕ್ಲಾಸ್ ಒಂದೇ ರೂಮಲ್ಲಿ ಕೂರುತ್ತೆ, ಎರಡೂ ಸೇರಿ 31 ಮಕ್ಕಳು. ಜಾಸ್ತಿ ಜನ ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಮನೇಲಿ ಒಂದೇ ಫೋನು, ಅದು ಅಪ್ಪನ ಜೇಬಲ್ಲಿ ರಾತ್ರಿ 9ಕ್ಕೆ ಮನೆಗೆ ಬರುತ್ತೆ. ಗೂಗಲ್ ಫಾರ್ಮ್‌ನಲ್ಲಿ ಒಂದು ಟೆಸ್ಟ್ ಮಾಡಿ ಕಳಿಸಿದೆ, 9 ಮಕ್ಕಳದ್ದು ಮಾತ್ರ ಬಂತು, ಅದರಲ್ಲೂ ಸರಿ ಬರೆದವರಿಗೆ ಸೊನ್ನೆ ಮಾರ್ಕು ತೋರಿಸ್ತಾ ಇದೆ. ನನ್ನ ಹತ್ರ 11 ವರ್ಷದ ಪ್ರಶ್ನೆಪತ್ರಿಕೆಗಳು ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದು ಪೆನ್‌ಡ್ರೈವ್‌ನಲ್ಲಿವೆ, ಫೋನ್‌ನಲ್ಲಿ ತೆಗೆದ್ರೆ ಏನೋ ಗೀಚಿದ ಹಾಗೆ ಕಾಣುತ್ತೆ, ಎಲ್ಲಾ ಮತ್ತೆ ಟೈಪ್ ಮಾಡ್ಬೇಕು ಅಂತಾರೆ. ಪಕ್ಕದ ಇಂಗ್ಲಿಷ್ ಮೀಡಿಯಂ ಟೀಚರ್ ಕಹೂಟ್ ಅಂತ ಆಟ ಆಡಿಸ್ತಾರೆ, ನಿಮ್ಮ ಕನ್ನಡದಲ್ಲಿ ಅದೆಲ್ಲ ಆಗಲ್ಲ ಅಂದ್ರು. ಈಗ ಸ್ಮಾರ್ಟ್ ಕ್ಲಾಸ್ ಮಾರೋರು ಬಂದು ವರ್ಷಕ್ಕೆ 18,000 ಅಂದಿದ್ದಾರೆ, ಹೆಡ್‌ಮಾಸ್ಟರ್ ಅದನ್ನ ನನ್ನ ತಲೆ ಮೇಲೆ ಹಾಕಿ ನೀವೇ ಹೇಳಿ ಅಂತಿದ್ದಾರೆ. ಎಐ ಕೈಲಿ ಪ್ರಶ್ನೆಪತ್ರಿಕೆ ಮಾಡಿಸಬಹುದಾ? ಈ ವಯಸ್ಸಲ್ಲಿ ನಾನು ಯಾವುದರಿಂದ ಶುರು ಮಾಡ್ಲಿ?

ಉತ್ತರ:

ಟೀಚರ್, ಮೊದಲು ವಯಸ್ಸಿನ ಮಾತು ಬಿಟ್ಟುಬಿಡಿ. ನೀವು ಯಾರೂ ಹೇಳಿಕೊಡದೆ ಫಾರ್ಮ್ ಮಾಡಿದ್ದೀರಿ, 9 ಮಕ್ಕಳಿಂದ ಉತ್ತರ ತರಿಸಿದ್ದೀರಿ, ಮಾರ್ಕು ತಪ್ಪು ಬಂದಿದೆ ಅಂತ ಕಂಡುಹಿಡಿದಿದ್ದೀರಿ. ನಾನು ಟ್ರೈನಿಂಗ್ ಕೊಡೋಕೆ ಹೋದ ಕಡೆ 25 ವರ್ಷದ ಹುಡುಗರು ಆ ಮಾರ್ಕನ್ನ ಹಾಗೇ ರಿಜಿಸ್ಟರ್‌ಗೆ ಇಳಿಸಿದ್ದು ನೋಡಿದ್ದೀನಿ. ನಿಮ್ಮ ಪತ್ರದಲ್ಲಿ ಐದಾರು ಸಮಸ್ಯೆ ಇರೋ ಹಾಗೆ ಕಾಣುತ್ತೆ, ಆದ್ರೆ ಬುಡದಲ್ಲಿ ಇರೋದು ಎರಡೇ, ಒಂದು ನಿಮ್ಮ ಕನ್ನಡ ಹಳೇ ಫಾಂಟ್‌ನಲ್ಲಿ ಸಿಕ್ಕಿಹಾಕ್ಕೊಂಡಿರೋದು, ಇನ್ನೊಂದು ನಿಮಗೆ ಎಲ್ಲರೂ ಹೇಳ್ತಿರೋ ಆ್ಯಪ್‌ಗಳು ಮಗುವಿಗೊಂದು ಫೋನ್ ಇರೋ ಕ್ಲಾಸಿಗೆ ಮಾಡಿದ್ದು, ನಿಮ್ಮದು ಟೀಚರಿಗೊಂದೇ ಫೋನ್ ಇರೋ ಕ್ಲಾಸು.

ಫಾರ್ಮ್‌ನಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ನೀವು ಎಡಿಟ್ ಲಿಂಕ್ ಕಳಿಸಿದ್ದಕ್ಕೆ ಒಳಗೆ ಹೋಗಿ ನೋಡೋಕಾಯ್ತು. 3ನೇ ಪ್ರಶ್ನೆ, ಮಹಾರಾಷ್ಟ್ರದ ರಾಜಧಾನಿ ಯಾವುದು. ಮಕ್ಕಳು ಬರೆದಿದ್ದು ಮುಂಬೈ. ನಿಮ್ಮ ಉತ್ತರದ ಕೀಯಲ್ಲಿ ಇರೋದು ಮು೦ಬೈ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಮಕ್ಕಳು ಹಾಕಿರೋದು ಅನುಸ್ವಾರ, ನೀವು ಹಾಕಿರೋದು ಕನ್ನಡ ಅಂಕಿ ಸೊನ್ನೆ! ಕಣ್ಣಿಗೆ ಹೆಚ್ಚುಕಮ್ಮಿ ಒಂದೇ, ಕಂಪ್ಯೂಟರಿಗೆ ಎರಡೂ ಬೇರೆ ಬೇರೆ ಅಕ್ಷರ, ಅದಕ್ಕೇ ತಪ್ಪು ಅಂತ ಕೊಟ್ಟಿದೆ. ನಗಬೇಡಿ, ದೊಡ್ಡ ದೊಡ್ಡ ಕನ್ನಡ ಸೈಟುಗಳಲ್ಲೂ ಈ ಸೊನ್ನೆ ಕೂತಿದೆ, ಆ ಪದ ಹುಡುಕಿದ್ರೆ ಸಿಗಲ್ಲ. 5ನೇ ಪ್ರಶ್ನೆ, ತ್ರ್ಯಂಬಕೇಶ್ವರದಲ್ಲಿ ಹುಟ್ಟೋ ನದಿ. ನಿಮ್ಮ ಕೀ ಗೋದಾವರಿ, ಮೂರು ಮಕ್ಕಳು ಗೋದಾವರಿ ನದಿ ಅಂತ ಬರೆದಿದ್ದಾರೆ, ಅದಕ್ಕೂ ಸೊನ್ನೆ. ಫಾರ್ಮ್‌ಗೆ ಅರ್ಥ ಗೊತ್ತಾಗಲ್ಲ, ಅಕ್ಷರಕ್ಕೆ ಅಕ್ಷರ ತಾಳೆ ನೋಡುತ್ತೆ ಅಷ್ಟೇ.

ದಾರಿ ಎರಡಿವೆ. ಬರೆಯೋ ಉತ್ತರವೇ ಬೇಕು ಅಂದ್ರೆ ಕೀಯಲ್ಲಿ ಒಂದಕ್ಕಿಂತ ಹೆಚ್ಚು ಸರಿ ಉತ್ತರ ಸೇರಿಸೋಕೆ ಬರುತ್ತೆ, ಮುಂಬೈ, ಮುಂಬಯಿ, ಗೋದಾವರಿ, ಗೋದಾವರಿ ನದಿ ಅಂತ ಎಲ್ಲಾ ಹಾಕಿ, ಆದ್ರೂ 6ನೇ ಕ್ಲಾಸಿನ ಹುಡುಗ ಹೇಗೆ ಹೇಗೆ ಬರೀಬಹುದು ಅಂತ ಬ್ರಹ್ಮನಿಗೂ ಗೊತ್ತಿರಲ್ಲ. ಅದರ ಬದಲು ಮಾರ್ಕು ತಾನೇ ಬರಬೇಕಾದ ಪ್ರಶ್ನೆಗಳನ್ನ ಆಯ್ಕೆ ಪ್ರಶ್ನೆ ಮಾಡಿ, ಬರೆಯೋ ಪ್ರಶ್ನೆಗಳನ್ನ ನೀವೇ ಕಣ್ಣಲ್ಲಿ ನೋಡಿ ಮಾರ್ಕು ಕೊಡಿ. ನಾನಾದ್ರೆ ಹಾಗೇ ಮಾಡೋದು.

ಇನ್ನು 22 ಮಕ್ಕಳು ಯಾಕೆ ಕಳಿಸಲಿಲ್ಲ. ಫೋನ್ ತಡವಾಗಿ ಬರುತ್ತೆ ಅನ್ನೋದು ಸರಿ, ಆದ್ರೆ ನಿಮ್ಮ ಫಾರ್ಮ್ ಸೆಟ್ಟಿಂಗ್‌ನಲ್ಲಿ ಒಬ್ಬರಿಗೆ ಒಂದೇ ಉತ್ತರ ಅನ್ನೋದು ಆನ್ ಆಗಿದೆ. ಅದು ಆನ್ ಇದ್ರೆ ಗೂಗಲ್ ಅಕೌಂಟಿಗೆ ಸೈನ್ ಇನ್ ಆಗ್ಲೇಬೇಕು, ಅಪ್ಪನ ಫೋನ್‌ನಲ್ಲಿ ಪಾಸ್‌ವರ್ಡ್ ಕೇಳಿದ್ರೆ ಅಲ್ಲಿಗೇ ಮುಗೀತು. ಮೇಲಾಗಿ ನಿಮ್ಮ ಕ್ಲಾಸಲ್ಲಿ ಅಕ್ಕ 6ರಲ್ಲಿ ತಮ್ಮ 5ರಲ್ಲಿ ಇರೋ ಮನೆ ಇದ್ದೇ ಇರುತ್ತೆ, ಅಕ್ಕ ಕಳಿಸಿದ ಮೇಲೆ ತಮ್ಮನಿಗೆ ನೀನು ಆಗ್ಲೇ ಕಳಿಸಿದ್ದೀಯ ಅಂತ ಬಾಗಿಲು ಹಾಕುತ್ತೆ. ಅದನ್ನ ಆಫ್ ಮಾಡಿ, ಮೊದಲನೇ ಪ್ರಶ್ನೆಯಾಗಿ ಹೆಸರಿನ ಪಟ್ಟಿ ಕೊಟ್ಟು ಆರಿಸೋಕೆ ಹೇಳಿ, ಪಟ್ಟಿಯಲ್ಲಿ ರೋಲ್ ನಂಬರ್ ಸಾಕು, ಪೂರ್ತಿ ಹೆಸರು ಬೇಡ. ಹಾಗೇನೇ ಫೋಟೋ ಅಪ್‌ಲೋಡ್ ಮಾಡೋ ಪ್ರಶ್ನೆ ಹಾಕಬೇಡಿ, ಅದಕ್ಕೂ ಸೈನ್ ಇನ್ ಬೇಕು, ಫೈಲುಗಳು ನಿಮ್ಮ 15 ಜಿಬಿ ಜಾಗವನ್ನೇ ತಿನ್ನೋದು.

ಈಗ ಪೆನ್‌ಡ್ರೈವ್ ವಿಷಯ. ಇಲ್ಲಿ ನನಗೆ ಸ್ವಲ್ಪ ಮಾತು ಜಾಸ್ತಿ ಬರುತ್ತೆ ಕ್ಷಮಿಸಿ, ಯಾಕಂದ್ರೆ ಟ್ರೈನಿಂಗಿಗೆ ಬರೋ ಮುಂಚೆ ನಾನು ಫೋರ್ಟ್‌ನಲ್ಲಿ ಡಿಟಿಪಿ ಅಂಗಡಿಯಲ್ಲಿ ಕನ್ನಡ ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್ ಟೈಪ್ ಮಾಡ್ಕೊಂಡಿದ್ದವನು. ಆಗ ಒಬ್ಬೊಬ್ಬರದ್ದು ಒಂದೊಂದು ಲೋಕ, ಪುಣೆಯ ಮಾಡ್ಯುಲರ್ ಕಂಪನಿಯ ಶ್ರೀಲಿಪಿ ಒಂದು ಕಡೆ, ಪುಣೆಯದ್ದೇ ಸಿಡ್ಯಾಕ್‌ನ ಐಎಸ್‌ಎಂ ಒಂದು ಕಡೆ, ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ಇವೆಲ್ಲ ಮಾಡಿದ್ದು ಒಂದೇ ಉಪಾಯ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಅಂತ ಇದ್ದ ಮನೆಗಳಲ್ಲಿ ಕನ್ನಡ ಅಕ್ಷರದ ಚಿತ್ರ ತಂದು ಕೂರಿಸಿದ್ದು. ನಮ್ಮ ಮುಂಬೈ ಲೆಕ್ಕದಲ್ಲಿ ಹೇಳೋದಾದ್ರೆ ಪಗಡಿ ಖೋಲಿ, ವಾಸ ನಮ್ಮದು, ಬೋರ್ಡ್ ಮೇಲೆ ಹೆಸರು ಮಾಲೀಕಂದು. ಆ ಫಾಂಟ್ ಇರೋ ಕಂಪ್ಯೂಟರಲ್ಲಿ ಕನ್ನಡ ಕಾಣುತ್ತೆ, ಫಾಂಟ್ ಇಲ್ಲದ ಫೋನ್‌ನಲ್ಲಿ ತೆಗೆದ್ರೆ ಮಾಲೀಕ ಬಂದು ಬಾಗಿಲು ತೆಗೀತಾನೆ, ಅದೇ ನೀವು ನೋಡಿದ ಗೀಚು. ಯೂನಿಕೋಡ್ ಅಂದ್ರೆ ಎಲ್ಲಾ ಭಾಷೆಯ ಅಕ್ಷರಕ್ಕೂ ಒಂದೊಂದು ನಂಬರ್ ಕೊಡೋ ಜಾಗತಿಕ ಪದ್ಧತಿ, ಅದರಲ್ಲಿ ಹಾಗಲ್ಲ, ಕನ್ನಡಕ್ಕೆ 128 ಮನೆಗಳ ಸ್ವಂತ ಬಿಲ್ಡಿಂಗ್ ಇದೆ, 1991ರ ಮೊದಲ ಆವೃತ್ತಿಯಿಂದಲೇ ಇದೆ, ಎಲ್ಲಾ ಫೋನು ಎಲ್ಲಾ ಕಂಪ್ಯೂಟರಿಗೂ ಆ ವಿಳಾಸ ಗೊತ್ತು. ಹಾಗಾಗಿ ಕನ್ನಡದಲ್ಲಿ ಆಗಲ್ಲ ಅಂದ ಆ ಟೀಚರ್ ಮಾತು ಒಂದು ಕಾಲಕ್ಕೆ ನಿಜ ಇತ್ತು, ಈಗಿಲ್ಲ. ಕಹೂಟ್‌ನಲ್ಲೂ ಯೂನಿಕೋಡ್ ಕನ್ನಡ ಪ್ರಶ್ನೆ ಆರಾಮಾಗಿ ಹಾಕಬಹುದು.

ಎಲ್ಲಾ ಮತ್ತೆ ಟೈಪ್ ಮಾಡ್ಬೇಕು ಅನ್ನೋದೂ ಸುಳ್ಳು. ಮೊದಲು ಆ ಪೆನ್‌ಡ್ರೈವ್‌ನ ಇನ್ನೊಂದು ಕಡೆ ಕಾಪಿ ಮಾಡಿಡಿ, 11 ವರ್ಷದ ಕೆಲಸ ಬೆರಳುದ್ದದ ಪ್ಲಾಸ್ಟಿಕ್ ತುಂಡಲ್ಲಿ ಇಟ್ಕೊಂಡು ಲೋಕಲ್‌ನಲ್ಲಿ ಓಡಾಡ್ತಿದ್ದೀರಲ್ಲ, ನನಗೆ ಅದೇ ಹೆದರಿಕೆ. ಆಮೇಲೆ ನುಡಿ ಇರೋ ಹಳೇ ಕಂಪ್ಯೂಟರಲ್ಲೇ ಕೂತು ಎಲ್ಲಾ ಫೈಲನ್ನ ಪಿಡಿಎಫ್ ಮಾಡಿ, ಪಿಡಿಎಫ್ ತನ್ನ ಜೊತೆ ಫಾಂಟನ್ನೂ ಕಟ್ಟಿಕೊಂಡು ಹೋಗುತ್ತೆ, ಫೋನ್‌ನಲ್ಲೂ ಸರಿಯಾಗಿ ಕಾಣುತ್ತೆ, ಝೆರಾಕ್ಸ್ ಅಂಗಡಿಯಲ್ಲೂ ಕೆಡಲ್ಲ. ತಿದ್ದೋಕೆ ಬರಲ್ಲ ಅಷ್ಟೇ. ತಿದ್ದಬೇಕಾದ ಪತ್ರಿಕೆಗಳನ್ನ ಮಾತ್ರ ಯೂನಿಕೋಡ್‌ಗೆ ಬದಲಾಯಿಸಿ, ಅದಕ್ಕೆ ನುಡಿಯ ಜೊತೆಗೇ ಬರೋ ಕನ್ವರ್ಟರ್ ಇದೆ, ಆನ್‌ಲೈನ್‌ನಲ್ಲಿ ಉಚಿತದ್ದೂ ಇವೆ. ಇನ್ನೂ ನಡೆಯದ ಪರೀಕ್ಷೆಯ ಪತ್ರಿಕೆನ ಆನ್‌ಲೈನ್ ಪೆಟ್ಟಿಗೆಗೆ ಹಾಕಬೇಡಿ, ಅದಕ್ಕೆ ನುಡಿಯದ್ದೇ ಬಳಸಿ.

ಕನ್ವರ್ಟರ್ ಎಲ್ಲಿ ಎಡವುತ್ತೆ ಅಂತ ಮೊದಲೇ ಗೊತ್ತಿದ್ರೆ ಗಾಬರಿ ಆಗಲ್ಲ. ಒಂದು, ಪತ್ರಿಕೆ ನಡುವೆ ಇಂಗ್ಲಿಷ್ ಅಕ್ಷರ ಇದ್ರೆ ಅದನ್ನೂ ಕನ್ನಡ ಅಂದ್ಕೊಂಡು ಬದಲಾಯಿಸಿಬಿಡುತ್ತೆ, ಯಾಕಂದ್ರೆ ಎರಡಕ್ಕೂ ಮನೆ ಒಂದೇ ಅಲ್ವಾ, ಗಣಿತದ ಪತ್ರಿಕೆಯಲ್ಲಿ ಸೆಂಟಿಮೀಟರ್‌ನ ಸಂಕ್ಷೇಪ, ಬೀಜಗಣಿತದ ಎಕ್ಸ್ ವೈ ಎಲ್ಲಾ ಸಂಬಂಧವಿಲ್ಲದ ಕನ್ನಡ ಅಕ್ಷರ ಆಗಿ ಕೂತಿರುತ್ತೆ. ಹಾಗಾಗಿ ಗಣಿತಕ್ಕೆ ಒಂದೊಂದು ಸಾಲು ನೋಡಲೇಬೇಕು. ಇನ್ನೊಂದು ಅರ್ಕಾವತ್ತು, ಹಳೇ ಫಾಂಟಲ್ಲಿ ಸೂರ್ಯ ಬರೆದ್ರೆ ಯ ಮೊದಲು ಅರ್ಕಾವತ್ತಿನ ಚಿತ್ರ ಆಮೇಲೆ, ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ರ್ ಮೊದಲು ಯ ಆಮೇಲೆ. ಕನ್ವರ್ಟರ್ ಇದನ್ನ ತಿರುವಿ ಹಾಕಬೇಕು, ಸಾಮಾನ್ಯ ಹಾಕುತ್ತೆ, ಅಪರೂಪಕ್ಕೆ ಮರೆಯುತ್ತೆ. ಕೋಷ್ಟಕ, ಹೊಂದಿಸಿ ಬರೆಯಿರಿ ತರದ್ದು ಅಸ್ತವ್ಯಸ್ತ ಆಗುತ್ತೆ, ಅದನ್ನ ಕೈಯಲ್ಲೇ ಜೋಡಿಸ್ಬೇಕು. ಮತ್ತೆ ಫೈಲು ಶ್ರೀಲಿಪಿಯದ್ದಾಗಿದ್ರೆ ನುಡಿ ಕನ್ವರ್ಟರ್ ಕೆಲಸ ಮಾಡಲ್ಲ, ವರ್ಡ್‌ನಲ್ಲಿ ಅಕ್ಷರದ ಮೇಲೆ ಕರ್ಸರ್ ಇಟ್ಟು ಮೇಲಿನ ಪೆಟ್ಟಿಗೆಯಲ್ಲಿ ಫಾಂಟ್ ಹೆಸರು ನೋಡ್ಕೊಳ್ಳಿ.

ಫೈಲೇ ಇಲ್ಲ, ಬರೀ ಪ್ರಿಂಟ್ ಆದ ಕಾಗದ ಇದೆ ಅನ್ನೋದಕ್ಕೆ ಬೇರೆ ದಾರಿ. ಬೆಳಕಿರೋ ಕಡೆ ನೆಟ್ಟಗೆ ಫೋಟೋ ತೆಗೆದು ಗೂಗಲ್ ಡ್ರೈವ್‌ಗೆ ಹಾಕಿ, ಕಂಪ್ಯೂಟರಲ್ಲಿ ಅದನ್ನ ಗೂಗಲ್ ಡಾಕ್ಸ್ ಮೂಲಕ ತೆಗೀರಿ, ಚಿತ್ರದ ಕೆಳಗೆ ಅಕ್ಷರ ಬಂದಿರುತ್ತೆ. ಕನ್ನಡ ಚೆನ್ನಾಗೇ ಓದುತ್ತೆ, ಒತ್ತಕ್ಷರದಲ್ಲಿ ಆಗಾಗ ಮೋಸ ಹೋಗುತ್ತೆ.

ಟೈಪಿಂಗ್ ಹೊಸದಾಗಿ ಕಲೀಬೇಕಾ ಅಂತ ಕೇಳ್ತೀರಿ ಗೊತ್ತು. ಬೇಡ. ನುಡಿಯಲ್ಲಿ ಕಲಿತ ಕೀಲಿಮಣೆ ಕೆ.ಪಿ. ರಾವ್ ಅವರು ರೂಪಿಸಿದ್ದು, ಆ ಬೆರಳಿನ ಅಭ್ಯಾಸ ಹಾಗೇ ಇರಲಿ, ನುಡಿಯ ಒಳಗೇ ಯೂನಿಕೋಡ್ ಆರಿಸ್ಕೊಂಡ್ರೆ ಆಯ್ತು. ಫೋನ್‌ನಲ್ಲಿ ಗೂಗಲ್‌ನ ಕೀಬೋರ್ಡ್ ಜಿಬೋರ್ಡ್‌ಗೆ ಕನ್ನಡ ಸೇರಿಸಿ ಮೈಕ್ ಒತ್ತಿ ಮಾತಾಡಿ, ಪಾಠದ ಟಿಪ್ಪಣಿ ಅರ್ಧಕ್ಕರ್ಧ ಬಾಯಲ್ಲೇ ಟೈಪ್ ಆಗುತ್ತೆ. ಸ್ಟಾಫ್‌ರೂಮಲ್ಲಿ ಮಾತ್ರ ಮಾಡ್ಬೇಡಿ, ಪಕ್ಕದವರ ಟಿಫಿನ್ ಮಾತೂ ಟಿಪ್ಪಣಿಗೆ ಬರುತ್ತೆ.

ಆಟದ ವಿಷಯಕ್ಕೆ ಬರೋಣ, ನನಗೆ ಇಷ್ಟದ ಭಾಗ ಇದು. ಕಹೂಟ್‌ಗೆ ಮಗುವಿಗೊಂದಲ್ಲದಿದ್ರೂ ಗುಂಪಿಗೊಂದಾದ್ರೂ ಫೋನ್ ಬೇಕು. ನಿಮ್ಮ ಹತ್ರ ಇರೋದು ನಿಮ್ಮದೊಂದೇ. ಅದಕ್ಕೆ ಪ್ಲಿಕರ್ಸ್ ಅಂತ ಇದೆ, ಮಕ್ಕಳ ಕೈಯಲ್ಲಿ ಬರೀ ಕಾಗದದ ಕಾರ್ಡು, ಫೋನು ಟೀಚರ ಕೈಯಲ್ಲಿ. ಕ್ಯೂಆರ್ ಕೋಡ್ ತರದ ಕಪ್ಪು ಚೌಕದ ಆಕಾರ ಒಂದೊಂದು ಕಾರ್ಡ್‌ಗೂ ಬೇರೆ ಬೇರೆ, ನಾಲ್ಕು ಬದಿಯಲ್ಲಿ ಸಣ್ಣಗೆ ಎ ಬಿ ಸಿ ಡಿ. ಉತ್ತರ ಬಿ ಅನ್ನಿಸಿದ ಮಗು ಬಿ ಇರೋ ಬದಿ ಮೇಲೆ ಮಾಡಿ ಹಿಡೀಬೇಕು, ನೀವು ಫೋನ್ ಕ್ಯಾಮೆರಾನ ಕ್ಲಾಸಿನ ಮೇಲೆ ನಿಧಾನ ಆಡಿಸಿದ್ರೆ ಯಾರು ಏನು ಹಿಡಿದಿದ್ದಾರೆ ಅಂತ ಹೆಸರು ಸಮೇತ ಬರುತ್ತೆ. ಪ್ರತಿ ಕಾರ್ಡೂ ಬೇರೆ ಆಗಿರೋದ್ರಿಂದ ಪಕ್ಕದವನ ಕಾರ್ಡ್ ನೋಡಿ ಕಾಪಿ ಹೊಡೆಯೋದು ಕಷ್ಟ. 40 ಕಾರ್ಡಿನ ಸೆಟ್ ಉಚಿತವಾಗಿ ಇಳಿಸ್ಕೋಬಹುದು, ನಿಮ್ಮ 31 ಮಕ್ಕಳಿಗೆ ಧಾರಾಳ ಸಾಕು. ಪ್ರಶ್ನೆನ ಆ್ಯಪ್‌ನಲ್ಲಿ ಹಾಕೋಕೂ ಕಷ್ಟ ಅನ್ನಿಸಿದ್ರೆ ಕಪ್ಪು ಹಲಗೆ ಮೇಲೆ ಬರೀರಿ, ಆ್ಯಪ್‌ನಲ್ಲಿ ಬರೀ ಪ್ರಶ್ನೆ 1, ಪ್ರಶ್ನೆ 2 ಅಂತಿದ್ರೆ ಆಯ್ತು. ಫೋನ್‌ಗೆ ನೆಟ್ ಇರಬೇಕು ಅದೊಂದು ನೆನಪಿರಲಿ.

ಕಾರ್ಡನ್ನ ಲ್ಯಾಮಿನೇಟ್ ಮಾಡಿಸ್ಬೇಡಿ. ನಾನು ಮೊದಲ ಸಲ ಶಾಣ್ಯಾನ ತರ ಕುರ್ಲಾದಲ್ಲಿ ದುಡ್ಡು ಕೊಟ್ಟು ಮಾಡಿಸಿದ್ದೆ, ಕ್ಲಾಸಲ್ಲಿ ಟ್ಯೂಬ್‌ಲೈಟ್ ಬೆಳಕು ಹೊಳೆದು ಅರ್ಧ ಕಾರ್ಡು ಫೋನ್‌ಗೆ ಕಾಣ್ಲೇ ಇಲ್ಲ. ಸಾದಾ ಕಾಗದದಲ್ಲಿ ಪ್ರಿಂಟ್ ತೆಗೆದು ಹಳೇ ನೋಟ್‌ಬುಕ್ಕಿನ ರಟ್ಟಿಗೆ ಅಂಟಿಸಿ, ಹಿಂದೆ ರೋಲ್ ನಂಬರ್ ಬರೀರಿ, ಬೆರಳು ಕಪ್ಪು ಆಕಾರದ ಮೇಲೆ ಬರಬಾರದು ಅಂತ ಒಂದೆರಡು ದಿನ ಹೇಳ್ತಾ ಇರಿ.

ಇದರ ಬೆಲೆ ನನಗೆ ಗೊತ್ತಾಗಿದ್ದು ನನ್ನದೇ ಮರ್ಯಾದೆ ಹೋದಾಗ. ಒಂದು ಶಾಲೆಯಲ್ಲಿ ಟೀಚರುಗಳ ಎದುರಿಗೆ ಭಿನ್ನರಾಶಿ ಪಾಠ ಮಾಡಿದೆ, ಚಪಾತಿ ಚಿತ್ರ ಬರೆದು ಹಂಚಿ ತೋರಿಸಿದೆ, ಅರ್ಥ ಆಯ್ತಾ ಅಂದ್ರೆ ಇಡೀ ಕ್ಲಾಸು ಒಂದೇ ರಾಗದಲ್ಲಿ ಆಯ್ತು ಸರ್. ಆಮೇಲೆ ಕಾರ್ಡು ಹಿಡಿಸಿದೆ, ಮೂರನೇ ಒಂದು ಭಾಗ ದೊಡ್ಡದೋ ನಾಲ್ಕನೇ ಒಂದು ಭಾಗ ದೊಡ್ಡದೋ. 28 ಮಕ್ಕಳಲ್ಲಿ 17 ಜನ ನಾಲ್ಕನೇ ಒಂದು ಭಾಗ ಅಂದ್ರು, 3ಕ್ಕಿಂತ 4 ದೊಡ್ಡದಲ್ವಾ! ಯಾವಾಗ್ಲೂ ಕೈ ಎತ್ತೋ ಮುಂದಿನ ಬೆಂಚಿನ ನಾಲ್ಕೈದು ಮಕ್ಕಳನ್ನ ನೋಡಿ ಕ್ಲಾಸಿಗೆಲ್ಲ ಬಂತು ಅಂದ್ಕೊಂಡಿದ್ದೆ. ಸರಿ ಹಿಡಿದವರಲ್ಲಿ ಕೊನೇ ಬೆಂಚಿನ ಒಂದು ಹುಡುಗಿ ಇದ್ದಳು, ಆ ಟೀಚರ್ ಆಮೇಲೆ ಹೇಳಿದ್ರು ಅವಳು ಜೂನ್‌ನಿಂದ ಕ್ಲಾಸಲ್ಲಿ ಬಾಯಿ ತೆಗೆದಿರಲಿಲ್ಲ ಅಂತ.

ಇದೇ ತರ ಕಾಗದದ ಕಾರ್ಡಿನ ವ್ಯವಸ್ಥೆ ಕ್ವಿಜಿಜ್‌ನಲ್ಲೂ ಇದೆ, 2015ರಲ್ಲಿ ಬೆಂಗಳೂರಲ್ಲಿ ಶುರುವಾದದ್ದು ಅದು, 2025ರಲ್ಲಿ ಹೆಸರು ವೇಗ್ರೌಂಡ್ ಅಂತ ಬದಲಾಗಿದೆ, ಹುಡುಕುವಾಗ ಗೊಂದಲ ಆಗ್ಬೇಡಿ. ಎರಡರಲ್ಲಿ ಒಂದೇ ಆರಿಸ್ಕೊಳ್ಳಿ, ಎರಡನ್ನೂ ಮಾಡೋಕೆ ಹೋದ್ರೆ ಮಕ್ಕಳಿಗಿಂತ ಮೊದಲು ನಿಮಗೆ ಸುಸ್ತಾಗುತ್ತೆ.

ಎರಡು ಕ್ಲಾಸ್ ಒಂದೇ ರೂಮಲ್ಲಿ ಅಂದ್ರಲ್ಲ, ಅದಕ್ಕೆ ನನಗೆ ಕಂಡ ಒಳ್ಳೇ ಸಾಧನ ಸ್ಟೋರಿವೀವರ್. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ತೆರೆದಿಟ್ಟ ಮಕ್ಕಳ ಕತೆಗಳ ಕಣಜ, ಕನ್ನಡದಲ್ಲಿ ರಾಶಿ ಕತೆ ಇವೆ, ಓದೋ ಮಟ್ಟದ ಪ್ರಕಾರ ವಿಂಗಡಿಸಿದ್ದಾರೆ, ಇಳಿಸ್ಕೊಂಡು ಪ್ರಿಂಟ್ ತೆಗೆದು ಹಂಚೋಕೂ ಅನುಮತಿ ಇದೆ. ಒಂದೇ ಕತೆ ಎಷ್ಟೋ ಸಲ ಮರಾಠಿಯಲ್ಲೂ ಹಿಂದಿಯಲ್ಲೂ ಸಿಗುತ್ತೆ, ನಮ್ಮ ಮಕ್ಕಳಿಗೆ ಅದು ಬಹಳ ದೊಡ್ಡದು. ಮನೇಲಿ ಕಲಬುರಗಿ ಮಾತು ಅಥವಾ ಲಂಬಾಣಿ, ಗಲ್ಲಿಯಲ್ಲಿ ಹಿಂದಿ, ಶಾಲೆಯಲ್ಲಿ ಮರಾಠಿ ಪಿರಿಯಡ್ಡು, ಪುಸ್ತಕದಲ್ಲಿ ಮಾತ್ರ ಗ್ರಂಥದ ಕನ್ನಡ. ಹಿಂದಿಯಲ್ಲಿ ಕತೆ ತಿಳ್ಕೊಂಡು ಕನ್ನಡದಲ್ಲಿ ಓದೋಕೆ ಕೂತ ಮಗು ಅಕ್ಷರದ ಜೊತೆ ಮಾತ್ರ ಗುದ್ದಾಡುತ್ತೆ, ಅರ್ಥದ ಜೊತೆ ಅಲ್ಲ. 6ನೇ ಕ್ಲಾಸು ಓದ್ತಾ ಇರಲಿ, ನೀವು 5ನೇ ಕ್ಲಾಸಿಗೆ ಪಾಠ ಮಾಡಿ.

ವಿಜ್ಞಾನ ಗಣಿತಕ್ಕೆ ಫೆಟ್ ಅನ್ನೋ ವೆಬ್‌ಸೈಟ್ ನೋಡಿ, ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಶುರು ಮಾಡಿದ್ದು. ಭಿನ್ನರಾಶಿ, ತಕ್ಕಡಿ, ಬ್ಯಾಟರಿ ಬಲ್ಬಿನ ಜೋಡಣೆ ಎಲ್ಲಾ ಕೈಯಲ್ಲಿ ಎಳೆದು ಆಡಿ ನೋಡೋ ತರ ಇದೆ, ಹಲವು ಕನ್ನಡಕ್ಕೂ ಬಂದಿವೆ. ಮನೇಲಿ ವೈಫೈ ಇದ್ದಾಗ ಇಳಿಸ್ಕೊಂಡ್ರೆ ಶಾಲೆಯಲ್ಲಿ ನೆಟ್ ಇಲ್ಲದೇ ಬ್ರೌಸರ್‌ನಲ್ಲಿ ಓಡುತ್ತೆ. ಪ್ರೊಜೆಕ್ಟರ್ ಇದ್ರೆ ಲ್ಯಾಪ್‌ಟಾಪಿಗೆ ಎಚ್‌ಡಿಎಂಐ ವೈರ್ ಹಾಕಿ. ಫೋನ್‌ನಿಂದಲೇ ಹಾಕ್ತೀನಿ ಅಂತ ಸಿ ಪೋರ್ಟಿನ ಅಡಾಪ್ಟರ್ ಕೊಳ್ಳೋ ಮುಂಚೆ ಯೋಚಿಸಿ, ಕಡಿಮೆ ಬೆಲೆಯ ಬಹಳ ಫೋನ್‌ಗಳ ಆ ಪೋರ್ಟಿನಿಂದ ವಿಡಿಯೋ ಹೊರಗೆ ಬರೋದೇ ಇಲ್ಲ, ಚಾರ್ಜ್ ಮಾತ್ರ. ಅಂಗಡಿಯಲ್ಲೇ ನಿಮ್ಮ ಫೋನ್‌ಗೆ ಚುಚ್ಚಿ ತೋರಿಸಿ ಅನ್ನಿ.

ಬಾಲಭಾರತಿ, ಅಂದ್ರೆ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯ ಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದ್ರೆ ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ, ಒಳಗೆ ಏನಿದೆ ಅಂತ ಹಿಂದಿನ ರಾತ್ರಿಯೇ ನೀವು ನೋಡಿರಿ, ಮಕ್ಕಳೆದುರಿಗೆ ಮೊದಲ ಸಲ ತೆಗೀಬೇಡಿ. ಯೂಟ್ಯೂಬ್‌ನಲ್ಲಿ ಕರ್ನಾಟಕದ ಟೀಚರುಗಳ ಕನ್ನಡ ವಿಡಿಯೋ ಬೇಕಾದಷ್ಟಿವೆ, ಗಣಿತ ವಿಜ್ಞಾನಕ್ಕೆ ನಡೆಯುತ್ತೆ, ಇತಿಹಾಸಕ್ಕೆ ನಡೆಯಲ್ಲ, ಅವರ ಸಿಲೆಬಸ್ ಬೇರೆ ನಮ್ಮ ಮಹಾರಾಷ್ಟ್ರದ್ದು ಬೇರೆ. ನಿಮ್ಮ ಮಕ್ಕಳು 4ನೇ ಕ್ಲಾಸಲ್ಲಿ ಇಡೀ ವರ್ಷ ಶಿವಾಜಿ ಮಹಾರಾಜರ ಚರಿತ್ರೆ ಓದಿ ಬಂದವರು.

ಇದೇ ಮಾತಿಗೆ ಆ 18,000ದ ಪ್ಯಾಕೇಜ್ ಸೇರಿಸಿ. ಬೇಡ ಅಂತ ನಾನು ಕಣ್ಣುಮುಚ್ಚಿ ಹೇಳಲ್ಲ. ಮಾರೋಕೆ ಬಂದವರ ಎದುರು 6ನೇ ಕ್ಲಾಸಿನ ಬಾಲಭಾರತಿ ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕ ಇಟ್ಟು ನಡುವಿನ ಒಂದು ಪುಟ ತೆಗೆದು, ಈ ಪಾಠ ತೋರಿಸಿ ಅನ್ನಿ. ಅವರ ಡೆಮೊ ಪಾಠ ಬೇಡ, ನಿಮ್ಮ ಪಾಠ. ಆಮೇಲೆ ನೆಟ್ ವೈರ್ ತೆಗೆದು ಈಗ ತೋರಿಸಿ ಅನ್ನಿ. ಆಮೇಲೆ ಎರಡನೇ ವರ್ಷ ದುಡ್ಡು ಕಟ್ಟದಿದ್ರೆ ಏನು ಉಳಿಯುತ್ತೆ ಅಂತ ಕೇಳಿ ಬರೆದು ಕೊಡಿ ಅನ್ನಿ. ನಾನು ಕೂತು ನೋಡಿದ ಒಂದು ಡೆಮೊದಲ್ಲಿ ಕನ್ನಡ ಇದೆ ಅಂದಿದ್ರು, ಇದ್ದದ್ದು ಇಂಗ್ಲಿಷ್ ವಿಡಿಯೋಗೆ ಹಚ್ಚಿದ ಕನ್ನಡ ದನಿ, ಚಿತ್ರದಲ್ಲಿ ಬರೆದ ಹೆಸರೆಲ್ಲ ಇಂಗ್ಲಿಷೇ, ದ್ಯುತಿಸಂಶ್ಲೇಷಣೆ ಅಂತ ದನಿ ಹೇಳ್ತಾ ಇದೆ ಮಗು ಪರದೆ ಮೇಲೆ ಅದನ್ನ ಹುಡುಕ್ತಾ ಇದೆ. ಮೂರಕ್ಕೂ ಸರಿ ಉತ್ತರ ಬಂದ್ರೆ ಹೆಡ್‌ಮಾಸ್ಟರಿಗೆ ಧೈರ್ಯವಾಗಿ ತಗೊಳ್ಳಿ ಅನ್ನಿ. ಇಲ್ಲದಿದ್ರೆ ಅದೇ ದುಡ್ಡಲ್ಲಿ ಒಂದು ಟಿವಿ ಶಾಲೆಗೇ ಆಗುತ್ತೆ, ಅದು ಎರಡನೇ ವರ್ಷವೂ ಗೋಡೆ ಮೇಲೇ ಇರುತ್ತೆ. ಜೂನ್‌ನಲ್ಲಿ ಸೋರೋ ಗೋಡೆ ನೋಡಿ ಹಾಕಿಸ್ಬೇಡಿ ಅಷ್ಟೇ, ನಮ್ಮ ಮಳೆಗಾಲದ ತೇವಕ್ಕೆ ಎಷ್ಟು ಪ್ರೊಜೆಕ್ಟರು ಹೋದವೋ ಲೆಕ್ಕ ಇಲ್ಲ.

ಎಐ ಬಗ್ಗೆ ಕೇಳಿದ್ದೀರಿ. ಚಾಟ್‌ಜಿಪಿಟಿ, ಜೆಮಿನಿ ಎರಡೂ ಕನ್ನಡ ಬರೀತವೆ, ನೋಡೋಕೆ ನುಣ್ಣಗೆ ಇರುತ್ತೆ, ಅದೇ ಅಪಾಯ. ಸಂಧಿಗೆ ಉದಾಹರಣೆ ಕೇಳಿದಾಗ ನನಗೆ ಒಮ್ಮೆ ಮಳೆಗಾಲನ ಲೋಪಸಂಧಿ ಪಟ್ಟಿಯಲ್ಲಿ ಕೊಟ್ಟಿತ್ತು. ಮಳೆ ಕೂಡಿಸು ಕಾಲ, ಕ ಹೋಗಿ ಗ ಬಂತು, ಆದೇಶ ಸಂಧಿ, ನಿಮ್ಮ ಮಕ್ಕಳೇ ಹೇಳ್ತಾರೆ. ಸಜಾತೀಯ ಒತ್ತಕ್ಷರ ಕೇಳಿದ್ರೆ ಅಮ್ಮ, ಅಕ್ಕದ ನಡುವೆ ಪುಸ್ತಕ ನುಗ್ಗಿಸುತ್ತೆ. ಅಕ್ಷರದ ಮಟ್ಟಕ್ಕೆ ಇಳಿದ ಪ್ರಶ್ನೆ, ವ್ಯಾಕರಣ, ಕವಿಗಳ ಕಾಲ ಕೃತಿ, ಈ ಮೂರಕ್ಕೂ ಅದನ್ನ ನಂಬಬೇಡಿ. ಗಣಿತದ ಮಾತಿನ ಲೆಕ್ಕ ಕಟ್ಟೋಕೆ ಮಾತ್ರ ಭಾರೀ ಉಪಯೋಗ. ವಡಾಪಾವ್ ಅಂಗಡಿಯ ಲಾಭ ನಷ್ಟದ ಮೇಲೆ 10 ಲೆಕ್ಕ ಕೊಡು, 5 ಸುಲಭ ಇರಲಿ 5 ಸ್ವಲ್ಪ ಕಷ್ಟ ಇರಲಿ ಅಂದ್ರೆ ನಿಮ್ಮ ಎರಡೂ ಕ್ಲಾಸಿಗೆ ಒಂದೇ ವಿಷಯದಲ್ಲಿ ಕೆಲಸ ಸಿಕ್ತು. ಉತ್ತರನ ನೀವೇ ಬಿಡಿಸಿ ನೋಡಿ. ಮಕ್ಕಳ ಹೆಸರು, ಮಾರ್ಕು, ಮನೆ ಕತೆ ಅದರೊಳಗೆ ಹಾಕೋದು ಬೇಡವೇ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18ರ ಒಳಗಿನ ಎಲ್ಲರನ್ನೂ ಮಗು ಅಂತಲೇ ಲೆಕ್ಕ ಹಿಡಿದು ತಂದೆತಾಯಿ ಒಪ್ಪಿಗೆ ಕೇಳುತ್ತೆ. ಪ್ಲಿಕರ್ಸ್‌ನಲ್ಲೂ ಹೆಸರಿನ ಜಾಗದಲ್ಲಿ ರೋಲ್ ನಂಬರ್ ಹಾಕಿದ್ರೆ ಸಾಕು.

ಪೋಷಕರ ವಾಟ್ಸಾಪ್ ಗ್ರೂಪ್ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಗ್ರೂಪ್‌ನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತೆ, ಅದರಲ್ಲಿ ತಾಯಂದಿರ ನಂಬರೂ ಇರುತ್ತೆ, ಯಾರೋ ಒಬ್ಬ ರಾತ್ರಿ ಮೆಸೇಜ್ ಮಾಡಿದ್ರೆ ಬಂದು ಬೈಸ್ಕೊಳ್ಳೋದು ಟೀಚರ್. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ, ಒಂದು ಲಿಸ್ಟಿಗೆ 256 ಜನ ಹಿಡಿಯುತ್ತೆ, ಒಬ್ಬರದ್ದು ಇನ್ನೊಬ್ಬರಿಗೆ ಕಾಣಲ್ಲ. ಷರತ್ತು ಒಂದೇ, ಅವರ ಫೋನ್‌ನಲ್ಲಿ ನಿಮ್ಮ ನಂಬರ್ ಸೇವ್ ಆಗಿರಬೇಕು, ಇಲ್ಲದಿದ್ರೆ ಮೆಸೇಜ್ ಹೋಗೋದೇ ಇಲ್ಲ, ಪೋಷಕರ ಸಭೆ ದಿನ ಎದುರಿಗೇ ಸೇವ್ ಮಾಡಿಸಿ. ಮತ್ತೆ ರಾತ್ರಿ 9ರ ಫೋನಿಗೆ ಫಾರ್ಮ್‌ಗಿಂತ ದನಿ ಒಳ್ಳೇದು. ಪದ್ಯ ಓದಿ ಎರಡು ನಿಮಿಷದ ವಾಯ್ಸ್ ಕಳಿಸಿ, ಮಗು ವಾಪಸ್ ಓದಿ ಕಳಿಸಲಿ, ಕೆಲಸದಿಂದ ಬಂದ ಅಪ್ಪನಿಗೆ ಓದೋಕೆ ಬರದಿದ್ರೂ ಮೈಕ್ ಒತ್ತೋಕೆ ಬರುತ್ತೆ. ಎಲ್ಲರದ್ದೂ ಅದೇ ರಾತ್ರಿ ಕೇಳ್ಬೇಕು ಅಂತ ಇಟ್ಕೋಬೇಡಿ, ದಿನಕ್ಕೆ ಐದಾರು ರೋಲ್ ನಂಬರ್ ಅಂತ ಹಂಚಿ.

ಈ ಶನಿವಾರ ಒಂದೇ ಕೆಲಸ ಮಾಡಿ. ಪೆನ್‌ಡ್ರೈವ್ ಕಾಪಿ ಆದ ಮೇಲೆ ಹಳೇ ಗಣಿತ ಪತ್ರಿಕೆ ಒಂದನ್ನ, ಅಳತೆ ಲೆಕ್ಕ ಜಾಸ್ತಿ ಇರೋದನ್ನೇ ಆರಿಸಿ, ಕನ್ವರ್ಟ್ ಮಾಡಿ ನೋಡಿ, ಯಾಕಂದ್ರೆ ಅದು ಸರಿಹೋದ್ರೆ ಉಳಿದದ್ದೆಲ್ಲ ಅದಕ್ಕಿಂತ ಸುಲಭ. ಎಲ್ಲಾದ್ರೂ ನಿಂತುಹೋದ್ರೆ ಫಾಂಟ್ ಹೆಸರು ಕಾಣೋ ಹಾಗೆ ಒಂದು ಸ್ಕ್ರೀನ್‌ಶಾಟ್ ಕಳಿಸಿ, ಕೆಟ್ಟ ಸಾಲಿನ ಪಕ್ಕ ಅದು ಮೊದಲು ಏನಿತ್ತು ಅಂತ ಕೈಯಲ್ಲಿ ಬರೆದು.